ಅಂಚೆಚೀಟಿಯ ಅಮ್ಮಂದಿರು, ನಮ್ಮ ಹೊಲದಮ್ಮ

ಮೊನ್ನೆ ಯಾರೋ ಗೇಟಿಗೆ ಸಿಕ್ಕಿಸಿ ಹೋಗಿದ್ದ ಲಗ್ನಪತ್ರಿಕೆ ಮಳೆಗೆ ನೆನೆದು ಮುದ್ದೆಯಾಗಿತ್ತು. ಯಾರ ಮನೆಯದೋ ನೋಡೋಣವೆಂದು ಬಿಡಿಸಿದೆ. ನೆನೆದ ಕಾಗದದ, ಕರಗಿದ ಗೋಂದಿನ ವಾಸನೆ ಮೂಗಿಗೆ ಬಡಿಯಿತು ನೋಡಿ, ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಒಲೆಯ ಮೇಲೆ ಹಾಲಿಟ್ಟಿದ್ದು ಮರೆತೇಹೋಯಿತು. ನಲವತ್ತು ವರ್ಷಕ್ಕೂ ಹಿಂದೆ, ನಾಗಸಂದ್ರದ ಹತ್ತಿರ ನಮ್ಮ ಹೆಂಚಿನ ಮನೆಯ ನಡುಮನೆಯಲ್ಲಿ, ಭಾನುವಾರದ ಬೆಳಿಗ್ಗೆ ಹಿತ್ತಾಳೆ ತಟ್ಟೆಯಿಂದ ಏಳುತ್ತಿದ್ದುದು ಇದೇ ವಾಸನೆ. ಚಿಕ್ಕಪ್ಪ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಅಟೆಂಡರ್ ಆಗಿದ್ದರು. ಯಂತ್ರಗಳ ವಿಚಾರಕ್ಕೆ ಅಲ್ಲಿಗೆ ಯುರೋಪಿನ ದೇಶಗಳಿಂದ ಕಾಗದಗಳು ಬರುತ್ತಿದ್ದವು. ಸಾಹೇಬರು ಒಡೆದು ಬಿಸಾಡಿದ ಲಕೋಟೆಗಳ ಮೂಲೆಯನ್ನು ಚಿಕ್ಕಪ್ಪ ಹರಿದು ಜೇಬಿನಲ್ಲಿಟ್ಟುಕೊಂಡು ಬರುತ್ತಿದ್ದರು. ಅವನ್ನು ತಟ್ಟೆಯ ನೀರಿನಲ್ಲಿ ನೆನೆಹಾಕಿದರೆ ಕೊಂಚ ಹೊತ್ತಿಗೆ ಅಂಚೆಚೀಟಿ ತಾನಾಗಿ ಬಿಟ್ಟುಕೊಂಡು ತೇಲುತ್ತಿತ್ತು. ಅದನ್ನು ಬೆರಳ ತುದಿಯಲ್ಲೆತ್ತಿ, ಮೊರದ ಮೇಲೆ ಸಂಡಿಗೆಯಂತೆ ಒಣಹಾಕುವುದು ನನ್ನ ಕೆಲಸ. ಆಹಾ, ಎಂಥ ಚೀಟಿಗಳು! ಚಿನ್ನದ ಮುಖವಾಡ, ಕಂಚಿನ ಕುದುರೆ ಎಳೆಯುವ ಪುಟ್ಟ ರಥ, ಮಣ್ಣಲ್ಲಿ ಹೂತಿದ್ದ ದೋಣಿ, ಕೈಗಳೇ ಇಲ್ಲದ ಕಲ್ಲಿನ ಹೆಂಗಸು. ಎಲ್ಲವೂ ಆಯಾ ದೇಶದ ನೆಲ ಅಗೆದಾಗ ಸಿಕ್ಕಿದವಂತೆ. ಸಿಕ್ಕ ಸಂತೋಷಕ್ಕೆ ಚೀಟಿ ಅಚ್ಚು ಹಾಕಿಸಿದ್ದಾರೆಂದು ಕಾರ್ಖಾನೆಯ ಇಂಜಿನಿಯರೊಬ್ಬರು ಚಿಕ್ಕಪ್ಪನಿಗೆ ಹೇಳಿದ್ದರು.

ನಮ್ಮಜ್ಜಿ, ಅಂದರೆ ಅಪ್ಪ, ಚಿಕ್ಕಪ್ಪ ಇಬ್ಬರ ತಾಯಿ, ರಾಗಿ ಕೇರುವುದನ್ನು ಬಿಟ್ಟು ಆ ಮೊರದ ಮೇಲೆ ಬಗ್ಗುತ್ತಿದ್ದಳು.

"ಈವಮ್ಮ ಯಾರ್ಲಾ? ಕೈನೇ ಇಲ್ವಲ್ಲೋ, ಪಾಪ!"

"ಗ್ರೀಸ್ ದೇಸದೋಳು ಕಣವ್ವಾ. ಸಾವ್ರಾರು ವರ್ಸ ಮಣ್ಣಾಗೇ ಇದ್ಲಂತೆ."

"ಅಯ್ಯೋ ಸಿವ್ನೆ, ಒಂದ್ ದೀಪ ಇಲ್ದೆ, ಒಂದ್ ಊವಿಲ್ದೆ?"

"ಈಗ ಅರಮನೆ ಅಂಗೆ ಮನೆ ಕಟ್ಟಿ ಮಡಗವ್ರೆ. ಜನ ಟಿಕೀಟ್ ತಗಂಡು ನೋಡಾಕ್ ಬತ್ತಾರೆ."

"ಟಿಕೀಟಾ! ನಮ್ಮ ಹೊಲದಮ್ಮಂಗೆ ಒಂದ್ ತೆಂಗಿನ್ಕಾಯಿ ಒಡೆಯಾಕೂ ನಿಮ್ಮಪ್ಪ ಗೊಣಗ್ತಿದ್ದ" ಎಂದು ಅಜ್ಜಿ ಬೊಚ್ಚುಬಾಯಿ ಬಿಟ್ಟು ನಕ್ಕಿದ್ದಳು. ಆ ನಗೆಯನ್ನು ನಾನು ಕಂಡೆನಲ್ಲ, ಅದು ದೇವರು ಕೊಟ್ಟಿದ್ದು.

ಹೊಲದಮ್ಮ ಎಂದರೆ ನಮ್ಮ ರಾಗಿ ಹೊಲದ ಬೇವಿನ ಬುಡದಲ್ಲಿದ್ದ ಕಲ್ಲು. ಮೊರದಷ್ಟು ಅಗಲ, ಎರಡು ಕಣ್ಣು ಬಿಟ್ಟರೆ ಬೇರೆ ರೂಪವಿಲ್ಲ. ಬಿತ್ತುವ ಮೊದಲು ಅವಳಿಗೆ ನೀರು, ಕೊಯ್ದ ಮೇಲೆ ಮೊದಲ ತೆನೆ. ಅಜ್ಜಿ ಮದುವೆಯಾಗಿ ಬಂದ ದಿನ ಮನೆಯ ಹೊಸಿಲು ತುಳಿಯುವ ಮುಂಚೆ ಅವಳ ಮುಂದೆ ಅಡ್ಡಬಿದ್ದಿದ್ದಳಂತೆ. ಅಂಥ ಹೊಲ ಕಾರ್ಖಾನೆಗಳ ಜಾಗಕ್ಕೆ ಸೇರಿತೆಂದು ನೋಟೀಸು ಬಂತು. ಕೊಯ್ಲು ಮುಗಿದ ಮೇಲೆ ಬಿಟ್ಟುಕೊಡಬೇಕು. ಹೊಲ ಹೋದದ್ದಕ್ಕೆ ಅಜ್ಜಿ ಅತ್ತಳೋ ಇಲ್ಲವೋ ನಾನು ಕಾಣೆ. ಹೊಲದಮ್ಮನನ್ನು ಏನು ಮಾಡುವುದು ಎನ್ನುವುದೊಂದೇ ಅವಳ ಚಿಂತೆ. ಹಿತ್ತಲಿಗೆ ತಂದಿಟ್ಟುಕೊಳ್ಳೋಣ ಎಂದರು ಅಪ್ಪ. ಆದರೆ ನಮ್ಮಲ್ಲಿ ದೇವರನ್ನು ಕೇಳದೆ ಅಲುಗಿಸುವಂತಿಲ್ಲ. ಒದ್ದೆ ಕಲ್ಲಿನ ಎರಡು ಮಗ್ಗುಲಿಗೂ ಹೂವು ಅಂಟಿಸಿ ಕೈಮುಗಿದು ಕೂರಬೇಕು. ಬಲದ್ದು ಬಿದ್ದರೆ ಒಪ್ಪಿಗೆ, ಎಡದ್ದು ಬಿದ್ದರೆ ಇಲ್ಲ. ಸಂಜೆಯವರೆಗೆ ಕೂತೆವು. ಎಡದ ಹೂವೇ ಬಿತ್ತು. ಮರುದಿನ ಮತ್ತೆ ಕೇಳಿದರೂ ಎಡದ್ದೇ.

"ಎತ್ಕಂಡೋಗಾನ ಬಿಡವ್ವಾ, ಕಲ್ಲು ತಾನೆ" ಎಂದರು ಅಪ್ಪ, ಬೇಸತ್ತು.

"ಬರಾಕಿಲ್ಲ ಅಂದ್ರೆ ನನ್ನೂ ಇಂಗೇ ಎತ್ಕಂಡೋಗ್ತೀಯೇನ್ಲಾ?"

ಅಳುತ್ತ ಕೂತ ಅಜ್ಜಿ ಅಲ್ಲಿಂದ ಏಳಲೇ ಇಲ್ಲ. ಆಗ ಚಿಕ್ಕಪ್ಪ ಅವಳ ಪಕ್ಕ ಕುಕ್ಕರುಗಾಲಲ್ಲಿ ಕೂತು ಹೇಳಿದರು: "ಅಳಬ್ಯಾಡ ಕಣವ್ವಾ. ಇಲ್ಲೇ ಮಣ್ಣಾಗೆ ಮಲಗ್ಸಾನ. ಮಿಸಿನ್ನು ಮೇಲ್ಗಡೆ ಓಡಾಡ್ಕಂಡ್ ಓಯ್ತದೆ. ಆ ಸ್ಟಾಂಪಿನ ಅಮ್ಮಂದ್ರು ಎದ್ ಬರ್ಲಿಲ್ವಾ? ಇವ್ಳೂ ಬತ್ತಾಳೆ." ತಾಯಿಯ ಅಳು ನಿಲ್ಲಿಸಲು ಮಗ ಹೇಳಿದ ಮಾತು. ಅಜ್ಜಿ ಅದನ್ನು ನಿಜವೆಂದೇ ಹಿಡಿದುಕೊಂಡಳು.

ಅಲ್ಲೇ ಗುಂಡಿ ತೋಡಿ, ರಾಗಿಹುಲ್ಲು ಹಾಸಿ, ಅರಿಶಿನ ಬಳಿದು, ಹೊಸ ರವಿಕೆ ಕಣ ಹೊದಿಸಿ, ಮುಖ ಮೇಲೆ ಮಾಡಿ ಹೊಲದಮ್ಮನನ್ನು ಮಲಗಿಸಿದರು. ಮಣ್ಣೆಳೆಯುವ ಮೊದಲು ಅಜ್ಜಿ ಕೈಯೊಡ್ಡಿದಳು. "ಆ ಕೈಯಿಲ್ದೋಳ್ನ ಕೊಡ್ಲಾ. ಜೊತ್ಗಿರ್ಲಿ. ಅವ್ಳಿಗೆ ಮ್ಯಾಕ್ ಬರೋ ದಾರಿ ಗೊತ್ತು." ಚಿಕ್ಕಪ್ಪ ತಮಗೆ ಬಹಳ ಇಷ್ಟವಾದ ಆ ಅಂಚೆಚೀಟಿಯನ್ನು ಮನೆಗೆ ಓಡಿಹೋಗಿ ತಂದು ಕೊಟ್ಟರು. ಅಜ್ಜಿ ಅದನ್ನು ರವಿಕೆ ಕಣದ ಮಡಿಕೆಯೊಳಗೆ ಸಿಕ್ಕಿಸಿದಳು. ಅಂದಿನಿಂದ ಪ್ರತಿ ಬೆಳಿಗ್ಗೆ ಮುಖ ತೊಳೆದವಳೇ ಹಿತ್ತಲ ಬಾಗಿಲಲ್ಲಿ ನಿಂತು ಹೊಲದ ದಿಕ್ಕಿಗೆ ಕೈಮುಗಿಯುತ್ತಿದ್ದಳು. ಚಿಕ್ಕಪ್ಪ ಲಕೋಟೆಯ ಮೂಲೆಗಳನ್ನು ತಂದಾಗಲೆಲ್ಲ ಒಂದೇ ಪ್ರಶ್ನೆ: "ನಮ್ಮಮ್ಮಂದು ಬಂತೇನ್ಲಾ?" ಹೊಲದಮ್ಮ ಸಿಕ್ಕಿದರೆ ಅವಳದೂ ಒಂದು ಅಂಚೆಚೀಟಿ ಬರುತ್ತದೆಂದು ಅವಳ ಲೆಕ್ಕ. ಮೊದಮೊದಲು ನಾವೆಲ್ಲ ನಗುತ್ತಿದ್ದೆವು.

ನಮ್ಮ ಹೊಲದಲ್ಲಿ ಎದ್ದ ಕಾರ್ಖಾನೆಯವರು ಮಿಷಿನ್ನನ್ನು ಮೇಲುಮೇಲೆ ಓಡಾಡಿಸಲಿಲ್ಲ. ಭಾರದ ಯಂತ್ರ ಕೂರಿಸಲು ಬೇವನ್ನು ಬುಡಸಮೇತ ಕಿತ್ತು, ಬಾವಿಯ ಹಾಗೆ ಆಳಕ್ಕೆ ತೋಡಿದರು. ಎದ್ದ ಮಣ್ಣನ್ನೆಲ್ಲ ಲಾರಿಗಳು ಎಲ್ಲೆಲ್ಲಿಯೋ ತಗ್ಗು ತುಂಬಲು ಹೊತ್ತೊಯ್ದವು. ಅಲ್ಲಿ ಕೆಲಸಕ್ಕಿದ್ದ ಮೇಸ್ತ್ರಿಯನ್ನು ಚಿಕ್ಕಪ್ಪ ಕೇಳಿದರಂತೆ. ಅರಿಶಿನ ಮೆತ್ತಿದ ಕಲ್ಲಿನ ಚೂರುಗಳನ್ನು ಅವನು ಕಂಡಿದ್ದ. ಮಣ್ಣಿನ ಜೊತೆಗೇ ಹೋದವು ಎಂದನಂತೆ. ಯಾವ ಲಾರಿ, ಯಾವ ಕಡೆ, ಯಾರಿಗೂ ಗೊತ್ತಿಲ್ಲ. ಇದನ್ನು ಚಿಕ್ಕಪ್ಪ ಅಪ್ಪನಿಗೆ ಹೇಳಿದ್ದು ದನದ ಕೊಟ್ಟಿಗೆಯಲ್ಲಿ. ಸಗಣಿ ಬಾಚುತ್ತಿದ್ದ ನಾನು ಕೇಳಿಸಿಕೊಂಡೆ. "ಅವ್ವಂಗೆ ಏಳ್ಬ್ಯಾಡಣ್ಣಾ, ಸತ್ತೋಗ್ತಾಳೆ" ಎಂದು ಅವರು ಗೋಡೆಗೆ ಹಣೆಯಿಟ್ಟು ನಿಂತಿದ್ದರು. ಅಷ್ಟು ದೊಡ್ಡ ಗಂಡಸು ಬಿಕ್ಕುವುದನ್ನು ನಾನು ಅದೇ ಮೊದಲು ನೋಡಿದ್ದು.

ಆಮೇಲೆ ಅವರು ಅಂಚೆಚೀಟಿ ತರುವುದನ್ನೇ ಬಿಟ್ಟರು. ಅಜ್ಜಿ ಕೇಳುವುದನ್ನು ಬಿಡಲಿಲ್ಲ. ಸೈಕಲ್ ಸದ್ದಾದರೆ ಸಾಕು, "ಬಂತೇನ್ಲಾ?" ಚಿಕ್ಕಪ್ಪ ತಲೆಯೆತ್ತದೆ ಕೈಕಾಲು ತೊಳೆಯಲು ಹೋಗುತ್ತಿದ್ದರು. ಅವಳ ಕಣ್ಣಿಗೆ ಪೊರೆ ಬಂತು, ಹಾಸಿಗೆ ಹಿಡಿದಳು. ಕೊನೆಯ ದಿನಗಳಲ್ಲಿ ಒಂದು ಮಧ್ಯಾಹ್ನ ಮತ್ತೆ ಕೇಳಿದಾಗ, ಚಿಕ್ಕಪ್ಪ ಎದ್ದು ಹೋಗಿ ಹಳೆಯ ಡಬ್ಬಿಯಿಂದ ಆ ಚಿನ್ನದ ಮುಖವಾಡದ ಚೀಟಿ ತಂದು ಅವಳ ಅಂಗೈಯಲ್ಲಿಟ್ಟರು.

"ಬಂತು ಕಣವ್ವಾ."

"ಅವ್ಳೇನಾ? ಕಣ್ ಬುಟ್ಟವ್ಳಾ?"

"ಊಂ ಕಣವ್ವಾ."

ಅಜ್ಜಿ ಅದನ್ನು ಎರಡೂ ಕಣ್ಣಿಗೆ ಒತ್ತಿಕೊಂಡಳು. ಆ ಮುಖವಾಡದ ಕಣ್ಣುಗಳು ಮುಚ್ಚಿದ್ದವು. ಅದು ಅವಳಿಗೆ ಕಾಣಲಿಲ್ಲ. ಪೊರೆ ಕೊಟ್ಟದ್ದೂ ದೇವರೇ ಎಂದು ನಾನು ಎಷ್ಟೋ ಸಲ ಅಂದುಕೊಂಡಿದ್ದೇನೆ. ಚಿಕ್ಕಪ್ಪನಿಗೆ ಮಾತ್ರ ಯಾವ ಸಮಾಧಾನವೂ ಸಿಗಲಿಲ್ಲ. ಸಾಯುವವರೆಗೂ ಅವರು ಹಬ್ಬದ ದಿನ ದೇವರಮನೆಯೊಳಗೆ ಕಾಲಿಡಲಿಲ್ಲ. ಕರೆದರೆ, "ನೀವ್ ಮಾಡ್ಕಳಿ" ಎಂದು ಜಗಲಿಯಲ್ಲೇ ಕೂರುತ್ತಿದ್ದರು.

ಈಗ ಆ ಮನೆಯಿಲ್ಲ, ಹಿತ್ತಲಿಲ್ಲ. ಮೆಟ್ರೋ ಕಂಬಗಳಿಗೆ ಗುಂಡಿ ತೋಡುತ್ತಿದ್ದಾಗ ತರಕಾರಿ ಚೀಲ ಹಿಡಿದುಕೊಂಡು ಎಷ್ಟೋ ದಿನ ಬಗ್ಗಿ ನೋಡಿದೆ. "ಏನಕ್ಕಾ, ಏನಾದ್ರೂ ಬಿದ್ದೋಯ್ತಾ?" ಎಂದು ಕೆಲಸದ ಹುಡುಗಿಯೊಬ್ಬಳು ಕೇಳಿದಳು. ಏನೆಂದು ಹೇಳಲಿ? ಕೆಂಪು ಮಣ್ಣು ಬಿಟ್ಟರೆ ಅಲ್ಲೇನೂ ಇರಲಿಲ್ಲ. ನಿಮ್ಮಲ್ಲಿಯೂ ಯಾರ ಮನೆಯ ದೇವರಾದರೂ ಹೀಗೆ ಲಾರಿಗಳಲ್ಲಿ ಹೋಗಿರಬಹುದು. ನಮ್ಮ ಮನೆಯ ದೇವರ ಗೂಡಿನಲ್ಲಿ, ಗಾಜಿನ ಕೆಳಗೆ, ಆ ಮುಖವಾಡದ ಚೀಟಿ ಇದೆ. ದಿನಾ ಕುಂಕುಮವಿಡುತ್ತೇನೆ. ದೀಪ ಹಚ್ಚಿದ ಮೇಲೆ ಅಜ್ಜಿಯ ಹಾಗೆ ನಮ್ಮ ಹೊಲದಮ್ಮನಿಗೂ ಒಂದು ನಮಸ್ಕಾರ ಹಾಕೋಣವೆಂದು ಎದ್ದು ನಿಲ್ಲುತ್ತೇನೆ. ಯಾವ ಕಡೆಗೆ ತಿರುಗಿ ಕೈಮುಗಿಯಬೇಕೋ ಗೊತ್ತಾಗುವುದಿಲ್ಲ.