ಕುದುರೆ ಖಾಜಾಸಾಬ ಎಡಗಿವಿಗೆ ಹೇಳಿದ್ದು

ಅವರು ತೀರಿಕೊಳ್ಳುವ ಹಿಂದಿನ ದಿನ ಎಂದಿನ ಹಾಗೆಯೇ ಇತ್ತು. ಎದ್ದರು, ಹಿತ್ತಲಿಗೆ ಹೋದರು. ಕುದುರೆಯ ಮುಂದೆ ನೀರಿನ ಬಕೆಟ್ ಇಟ್ಟು ಸೀಟಿ ಹಾಕಿದರು. ನಮ್ಮ ಕುದುರೆ ಸಕ್ರಿಗೆ ಮರಿಯಾಗಿದ್ದಾಗಿನಿಂದ ಅದೇ ರೂಢಿ. ಸೀಟಿ ಕೇಳದೆ ನೀರಿಗೆ ಮೂತಿ ಇಡುವುದಿಲ್ಲ. ನಾನು ರೊಟ್ಟಿ ಬಡಿಯುತ್ತಿದ್ದೆ. ಅತಿಯಾ ನಡುಮನೆಯಲ್ಲಿ ಕೂತು ಒಂದು ಉದ್ದ ನಿಲುವಂಗಿಗೆ ಗುಂಡಿ ಹಚ್ಚುತ್ತಿದ್ದಳು. ಅವರು ಒಳಗೆ ಬಂದು ಅವಳ ಎಡಗಡೆ ಕೂತರು.

ನನ್ನ ಗಂಡನ ಹೆಸರು ಖಾಜಾಸಾಬ. ಕುಂದಗೋಳದಲ್ಲಿ ಬರೀ ಖಾಜಾಸಾಬ ಎಂದರೆ ಯಾರೂ ಮನೆ ತೋರಿಸುವುದಿಲ್ಲ, ಕುದುರೆ ಖಾಜಾಸಾಬ ಎನ್ನಬೇಕು. ಮದುವೆಗೆ ಕುದುರೆ ತರುವುದು ಅವರಪ್ಪನ ಕಾಲದ ಕೆಲಸ. ಲಿಂಗಾಯತರ ಮದುವೆ ಇರಲಿ, ನಮ್ಮವರ ಶಾದಿ ಇರಲಿ, ಮದುಮಗನನ್ನು ಹತ್ತಿಸಿ, ಲಗಾಮು ಹಿಡಿದು, ಹೆಣ್ಣಿನ ಮನೆಯ ಬಾಗಿಲವರೆಗೆ ನಡೆಯುವುದು. ಆ ಕೆಲಸಕ್ಕೆ ಒಂದು ಕಟ್ಟಳೆ ಇತ್ತು. ಲಗಾಮು ಹಿಡಿದವನ ಕಿವಿಗೆ ಗಂಡಿನ ಕಡೆಯವರ ಎಷ್ಟೋ ಮಾತು ಬೀಳುತ್ತವೆ. ಅವನ್ನು ಹೆಣ್ಣಿನ ಮನೆಗೆ ಒಯ್ಯಬಾರದು. ಒಯ್ದವನನ್ನು ಮತ್ತೆ ಯಾರೂ ಕರೆಯುವುದಿಲ್ಲ. ಕುದುರೆಯ ಮೈ ತಿಕ್ಕುವುದಕ್ಕಿಂತ ಮೊದಲು ಅವರಪ್ಪ ಇದನ್ನು ಕಲಿಸಿದ್ದರಂತೆ.

ಅತಿಯಾ ಅವರ ತಮ್ಮನ ಮಗಳು. ತಮ್ಮನೂ ಅವನ ಹೆಂಡತಿಯೂ ಟೆಂಪೋ ಪಲ್ಟಿಯಾಗಿ ಸತ್ತರು. ಆಗ ಈ ಕೂಸಿಗೆ ಇನ್ನೂ ಮಾತು ಬರುತ್ತಿರಲಿಲ್ಲ. ನಮಗೆ ಮಕ್ಕಳಿಲ್ಲ. ಅವರು ಕೂಸನ್ನು ಹೆಗಲ ಮೇಲೆ ಕೂರಿಸಿಕೊಂಡು ಬಂದವರು ಕೆಳಗೆ ಇಳಿಸಲೇ ಇಲ್ಲ ಎನ್ನಬೇಕು. ಅವರಿಗೆ ಬಡೇಬಾ ಎನ್ನುತ್ತಿದ್ದಳು, ನನಗೆ ಬಡೀಮಾ. ನಮ್ಮಲ್ಲಿ ದೊಡ್ಡಪ್ಪ, ದೊಡ್ಡವ್ವನಿಗೆ ಹಾಗೆಯೇ ಕರೆಯುವುದು. ಸಕ್ರಿಯ ಜೂಲು ಹೆಣೆದ ಕೈಯಿಂದಲೇ ಅವಳ ಜಡೆ ಹೆಣೆಯುತ್ತಿದ್ದರು. ಸೀಟಿ ಹಾಕುವುದನ್ನೂ ಕಲಿಸಿದರು. ನಾನು ಬೈದೆ.

“ಹೆಣ್ಣ ಹುಡುಗಿ ಸೀಟಿ ಹೊಡದ್ರ ಮಂದಿ ಏನಂತಾರ?”

“ನಾ ಊರಾಗ ಇಲ್ಲದಾಗ ಕುದುರಿ ನೀರ ಕುಡೀಬೇಕಲ್ಲ. ಮಂದಿ ಬಂದು ಕುಡಸ್ತಾರೇನ್?”

ಅವಳಿಗೆ ಜ್ವರ ಬಂದರೆ ಎಷ್ಟು ದೊಡ್ಡ ಮದುವೆ ಇದ್ದರೂ ಹೋಗುತ್ತಿರಲಿಲ್ಲ. ಅದನ್ನು ಹೇಳಲೇಬೇಕು. ಆದರೆ ಒಂದು ಕೆಟ್ಟ ಗುಣವಿತ್ತು. ಕಠಿಣ ಮಾತು ಆಡುವ ಹೊತ್ತು ಬಂತೋ, ಎದ್ದು ಹಿತ್ತಲಿಗೆ ಹೋಗಿ ಕುದುರೆ ತಿಕ್ಕುತ್ತ ನಿಲ್ಲುತ್ತಿದ್ದರು. ಮನೆಯಲ್ಲಿ ಏನಾದರೂ ತಪ್ಪಿದ ದಿನ ನಮ್ಮ ಸಕ್ರಿ ಕನ್ನಡಿಯ ಹಾಗೆ ಹೊಳೆಯುತ್ತಿತ್ತು.

ಅತಿಯಾಳನ್ನು ಹುಬ್ಬಳ್ಳಿಗೆ ಕೊಟ್ಟೆವು. ಟೈರಿನ ಅಂಗಡಿ ಇದ್ದ ಹುಡುಗ. ಎರಡು ವರ್ಷವೂ ಆಗಲಿಲ್ಲ, ತಿರುಗಿ ಬಂದಳು. ಗಂಡನ ಹೊಡೆತಕ್ಕೆ ಎಡಗಿವಿ ಹೋಗಿತ್ತು. ಬಲಗಡೆಯಿಂದ ಮಾತಾಡಿಸಿದರೆ ಮಾತ್ರ ಕೇಳುತ್ತದೆ. ಅವಳು ಬಂದ ದಿನ ಅವರು ಎದ್ದು ಹಿತ್ತಲಿಗೆ ಹೋದರು.

ಆಮೇಲೆ ಹೊಲಿಗೆ ಹಿಡಿದಳು. ಬಸ್‌ಸ್ಟ್ಯಾಂಡಿನ ಬಾಜು ಈರೇಶ ಎಂಬವನ ಮೊಬೈಲ್ ಅಂಗಡಿ ಇದೆ. ಅವನು ಗೆಳೆಯರನ್ನು ಕಟ್ಟಿಕೊಂಡು ಫೋನಿನಲ್ಲೇ ಕಥೆ ತೆಗೆದು ಯೂಟ್ಯೂಬಿಗೆ ಹಾಕುತ್ತಾನೆ. ಕಪ್ಪುಕೋಟೆಯ ಕುವರಿ ಎಂದು ಹೆಸರು. ಮಾಟಗಾತಿ, ಮಾತಾಡುವ ಹದ್ದು, ಕಲ್ಲಾದ ರಾಜ, ಎಲ್ಲ ಇದೆ. ಉಡುಪು ಹೊಲಿಯುವವಳು ಅತಿಯಾ. ಈರೇಶ ಕುದುರೆ ಕೇಳಲು ಬಂದವನು ಇವರ ಮೀಸೆ ನೋಡಿ ನಿಂತುಬಿಟ್ಟ.

“ಕಾಕಾ, ಕುದುರಿ ಜೋಡಿ ನೀವೂ ಬರ್ರಿ. ಕೋಟಿ ಕಾವಲುಗಾರ ಗಿರಿಮಲ್ಲ ನಂಗ ಸಿಕ್ಕ.”

“ನಂಗ ಮಾತ ಬರೂದಿಲ್ಲಪ್ಪಾ.”

“ಗಿರಿಮಲ್ಲಗೂ ಬರೂದಿಲ್ರಿ. ಅದಕ್ಕ ಅಂವಾ ಗಿರಿಮಲ್ಲ.”

ಗಿರಿಮಲ್ಲ ಅನಾಥ ರಾಜಕುಮಾರಿ ಹೊನ್ನಾಂಬಿಯನ್ನು ಸಾಕಿದವನು. ಅವಳಿಗಾಗಿ ಹುಲಿಯ ಬಾಯಿಗೂ ಹೋಗುತ್ತಾನೆ. ಜನಕ್ಕೆ ಬಹಳ ಹಿಡಿಸಿತು. ಯರಗುಪ್ಪಿಯಲ್ಲಿ ಮದುವೆಗೆ ಹೋದರೆ ಜನ ಮದುಮಗನನ್ನು ಬಿಟ್ಟು ಲಗಾಮು ಹಿಡಿದ ಇವರ ಜೊತೆ ಫೋಟೋ ತೆಗೆಸಿಕೊಂಡರಂತೆ. ಮನೆಗೆ ಬಂದು ನಕ್ಕರು. ಅತಿಯಾಳೂ ನಕ್ಕಳು. ಅವಳು ಹಾಗೆ ನಕ್ಕು ಬಹಳ ದಿನವಾಗಿತ್ತು.

ಈಗ ಆ ಬೆಳಿಗ್ಗೆಗೆ ಬರುತ್ತೇನೆ. ಅವರು ಅವಳ ಎಡಗಡೆ ಕೂತು ತುಟಿ ಅಲ್ಲಾಡಿಸುತ್ತಿದ್ದರು. ಅವಳು ಗುಂಡಿ ಹಚ್ಚುತ್ತಲೇ ಇದ್ದಳು. ಎಷ್ಟೋ ಸಲ ಹಾಗೆ ಕಂಡಿದ್ದೆ, ಕಥೆಯ ಮಾತು ಬಾಯಿಪಾಠ ಮಾಡುತ್ತಾರೆ ಅಂದುಕೊಂಡಿದ್ದೆ. ಆ ದಿನ ರೊಟ್ಟಿಯ ಬುಟ್ಟಿ ಇಡಲು ಅವರ ಬೆನ್ನ ಹಿಂದೆ ಹೋದೆ. ಮಾತು ನನಗೆ ಕೇಳಿತು.

“ಅಂವಾ ಯಾರಂತ ನಂಗ ಗೊತ್ತಿತ್ತವಾ. ಗೊತ್ತಿದ್ದೂ ಕರಕೊಂಡು ಬಂದೆ.”

ನಾನು ಅವರ ರಟ್ಟೆ ಹಿಡಿದು ಹಿತ್ತಲಿಗೆ ಎಳೆದುಕೊಂಡು ಹೋದೆ.

“ಏನ್ ಹೇಳಾಕತ್ತಿದ್ರಿ ಆಕಿಗೆ?”

ಸಕ್ರಿಯ ಬೆನ್ನಿನ ಮೇಲೆ ಕೈ ಇಟ್ಟುಕೊಂಡು ಹೇಳಿದರು. ಅತಿಯಾಳ ಮದುವೆಗಿಂತ ಹಿಂದೆ ಅಣ್ಣಿಗೇರಿಯಲ್ಲಿ ಒಂದು ಶಾದಿಗೆ ಕುದುರೆ ಒಯ್ದಿದ್ದರು. ಬ್ಯಾಂಡಿನವರು ಗೊತ್ತುಮಾಡಿದ್ದು, ಗಂಡಿನ ಮನೆಯವರ ಗುರುತಿರಲಿಲ್ಲ. ಮದುಮಗನ ಮುಖದ ಮೇಲೆ ಹೂವಿನ ಸೆಹರಾ, ಮುಖ ಕಾಣಲಿಲ್ಲ. ಎಲ್ಲರೂ ಕುದುರೆಯ ಎಡಗಡೆಯಿಂದ ಹತ್ತುತ್ತಾರೆ. ಅವನು ಬಲಗಡೆಯಿಂದಲೇ ಹತ್ತುತ್ತೇನೆ ಎಂದ. ಕುದುರೆ ಸರಿಯಿತು. ಸಿಟ್ಟಿಗೆ ಲಗಾಮು ಎಷ್ಟು ಜಗ್ಗಿದ ಎಂದರೆ ಸಕ್ರಿಯ ಬಾಯಿ ಹರಿದು ರಕ್ತ ಬಂತು. ಆ ಗಾಯ ನನಗೆ ನೆನಪಿದೆ. ಅರಿಶಿನ ಹಚ್ಚಿದವಳು ನಾನೇ.

ಅತಿಯಾಳ ಮದುವೆಯ ದಿನ ಅವರು ಬೇರೆಯವರ ಕೈಗೆ ಲಗಾಮು ಕೊಡಲಿಲ್ಲ. ಮಗಳ ಗಂಡನನ್ನು ನಾನೇ ಕರೆತರಬೇಕು ಎಂದರು. ಹುಡುಗ ಸೆಹರಾ ಕಟ್ಟಿಕೊಂಡು ಬಂದ, ಬಲಗಡೆ ಹೋಗಿ ನಿಂತ. ಸಕ್ರಿ ಕಿವಿ ಹಿಂದಕ್ಕೆ ಹಾಕಿ ನಡುಗಿತು.

“ಅಣ್ಣಿಗೇರ್‍ಯಾಗ ಒಮ್ಮಿ ಹತ್ತಿದ್ರೇನ್ ನೀವು?” ಎಂದು ಮೆಲ್ಲಗೆ ಕೇಳಿದರಂತೆ.

ಹೂವಿನ ಹಿಂದಿನಿಂದ ಅವನು ಹೇಳಿದ. “ಹೌದ್ರಿ. ಆಕಿ ತೀರಿಕೊಂಡ್ಳು. ಈಗ್ಯಾಕ ಅದು?”

ಅವನಿಗೆ ಮೊದಲೊಂದು ಮದುವೆಯಾಗಿತ್ತು ಎಂದು ನಮಗೆ ಯಾರೂ ಹೇಳಿರಲಿಲ್ಲ. ಅವನ ಅಪ್ಪ ಬಂದು ಇವರ ಭುಜ ಹಿಡಿದ. “ನಡೀರಿ ಖಾಜಾಸಾಬ, ಖಾಜಿ ಕಾಯಾಕತ್ತಾರ.”

ಮಸೀದಿಯ ಓಣಿಯಿಂದ ನಮ್ಮ ಮನೆಯವರೆಗಿನ ದಾರಿ ನಿಮಗೆ ಗೊತ್ತಿಲ್ಲ. ಉದ್ದ ಇಲ್ಲ. ಆದರೆ ಬ್ಯಾಂಡು ನಿಂತು ನಿಂತು ಹೋಗುತ್ತದೆ, ಹುಡುಗರು ಕುಣಿಯುತ್ತಾರೆ. ನಿಲ್ಲಿಸಬೇಕೆಂದರೆ ಬೇಕಾದಷ್ಟು ಹೊತ್ತಿತ್ತು. ಸಕ್ರಿ ಎರಡು ಕಡೆ ಕಾಲೂರಿ ನಿಂತಿತು. ಇವರು ಜಗ್ಗಿದರು. ಬಿರಿಯಾನಿಯ ಹಂಡೆಗಳು ಬಾಯಿ ತೆರೆದಿದ್ದವು, ಮಂದಿ ಕೂತಿತ್ತು. ಹುಡುಗಿಯ ಹೆಸರು ಕೆಡುತ್ತದೆ ಎಂದು ಅಂಜಿದರು. ಅಪ್ಪ ಕಲಿಸಿದ ಕಟ್ಟಳೆಯೂ ನಾಲಿಗೆ ಹಿಡಿಯಿತು. ಜೀವನವಿಡೀ ಬೇರೆಯವರ ಹೆಣ್ಣುಮಕ್ಕಳ ಬಾಗಿಲಿಗೆ ಮಾತು ಒಯ್ಯದವರು ತಮ್ಮ ಬಾಗಿಲಿಗೂ ಒಯ್ಯಲಿಲ್ಲ.

ಅತಿಯಾ ತಿರುಗಿ ಬಂದ ಮೇಲೆ ಅಣ್ಣಿಗೇರಿಗೆ ಹೋಗಿ ವಿಚಾರಿಸಿದರು. ಅವನ ಮೊದಲ ಹೆಂಡತಿ ಸತ್ತಿರಲಿಲ್ಲ. ತವರುಮನೆಯ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತ ಕೂತಿದ್ದಳು. ಒಂದು ಕೈ ಸೊಟ್ಟಗಾಗಿತ್ತು. ಇವರನ್ನು ನೋಡಿ ಗುರುತು ಹಿಡಿದಳು.

“ನೀವ ಅಲ್ಲೇನ್ರಿ, ಕುದುರಿ ಹಿಡಕೊಂಡು ಬಂದಾಂವ್ರು?”

ಅಷ್ಟೇ ಕೇಳಿದಳಂತೆ. ಬೈಯಲಿಲ್ಲ.

ಎಲ್ಲ ಕೇಳಿಸಿಕೊಂಡು ನಾನು ಹೇಳಿದೆ. “ಆಕಿಗೆ ಕೇಳೂದಿಲ್ಲಂತ ಆ ಕಡೆ ಕುಂತ ಹೇಳ್ತೀರಿ. ನಾಚಿಕಿ ಬರೂದಿಲ್ಲ? ಹೇಳಿದ್ರ ಬಲಗಡೆ ಕುಂತ ಹೇಳ್ರಿ.”

“ಆ ಕಡೆ ಕುಂತ್ರ ಬಾಯಿ ಬರೂದಿಲ್ಲ ಜುಲೇಖಾ.”

“ಹಂಗಾರ ನನ್ನ ಜೋಡೀನೂ ಮಾತಾಡಬ್ಯಾಡ್ರಿ.”

ಆ ದಿನ ಯರಗುಪ್ಪಿಯ ದಾರಿಯಲ್ಲಿ ಒಂದು ಎರೆಹೊಲದಲ್ಲಿ ಚಿತ್ರ ತೆಗೆಯುವುದಿತ್ತು. ಎಲ್ಲರಿಗೂ ರೊಟ್ಟಿ ಒಯ್ಯುವವಳು ನಾನು. ಸಿಟ್ಟು ಇಟ್ಟುಕೊಂಡೇ ಹೋದೆ. ಕಡಲೆ ಕಿತ್ತ ಹೊಲ, ಬೇವಿನ ಗಿಡ, ಗಿಡಕ್ಕೆ ಕಟ್ಟಿದ ಸಕ್ರಿ. ರಾಜಕುಮಾರಿಯಾದವಳು ಈರೇಶನ ತಂಗಿ ನೇತ್ರಾ. ಅತಿಯಾ ಮುಂದೆ ನಿಂತು ನೇತ್ರಾಳ ಮುಖಕ್ಕೆ ಬೆಳಕು ಬೀಳಲೆಂದು ಬಿಳಿ ಬಟ್ಟೆ ಹಿಡಿದಿದ್ದಳು.

ಕಥೆಯಲ್ಲಿ ಆ ದಿನದ್ದು ಇಷ್ಟು. ಕೋಟೆ ಬಿದ್ದ ದಿನ ಬಿರುಗಾಳಿಗೆ ಬಾಗಿಲು ತೆರೆಯಿತು ಎಂದು ಗಿರಿಮಲ್ಲ ರಾಜಕುಮಾರಿಗೆ ಹೇಳಿಕೊಂಡು ಬಂದಿರುತ್ತಾನೆ. ಅದು ಸುಳ್ಳು. ಬಾಗಿಲಿಗೆ ಬಂದವನು ವೈರಿ ಎಂದು ಗೊತ್ತಿದ್ದೂ, ಅತಿಥಿಯನ್ನು ತಿರುಗಿ ಕಳಿಸಿದರೆ ಮರ್ಯಾದೆ ಹೋಗುತ್ತದೆ ಎಂದು ತಾನೇ ತೆರೆದಿರುತ್ತಾನೆ. ಈಗ ಅವಳ ಮುಂದೆ ಒಪ್ಪಿಕೊಳ್ಳಬೇಕು. ಈರೇಶನಿಗೆ ನಮ್ಮ ಮನೆಯದು ಏನೂ ಗೊತ್ತಿಲ್ಲ. ಅವನಿಗೆ ತೋಚಿದ ಕಥೆ ಅವನು ಬರೆದಿದ್ದ.

ಅವರಿಗೆ ಮಾತೇ ಹೊರಡಲಿಲ್ಲ. ಮತ್ತೆ ಮತ್ತೆ ಮಾಡಿಸಿದರು.

“ಕಾಕಾ, ಹುಲಿ ಜೋಡಿ ಕುಸ್ತಿ ಹಿಡದ್ರಿ, ಇಷ್ಟ ಹೇಳಾಕ ಬೆವರಾಕತ್ತೀರಲ್ಲ!” ಎಂದಳು ನೇತ್ರಾ.

“ಹುಲಿ ಸುಳ್ಳಿಂದು ಇತ್ತವಾ” ಎಂದರು.

ಎಲ್ಲರೂ ನಕ್ಕರು. ಅವರು ನನ್ನ ಕಡೆ ನೋಡಿದರು. ನಾನು ಮುಖ ತಿರುಗಿಸಿದೆ. ಆಮೇಲೆ ಮಾತು ಬಂತು. ನೇತ್ರಾಳನ್ನು ಬಿಟ್ಟು ಬಿಳಿ ಬಟ್ಟೆ ಹಿಡಿದವಳನ್ನು ನೋಡುತ್ತ, ಹೊಲದ ಆ ಬದಿಗೂ ಕೇಳುವ ಹಾಗೆ ಹೇಳಿದರು.

“ಅತಿಯಾ, ಬಂದಾಂವ ಯಾರಂತ ನಂಗ ಗೊತ್ತಿತ್ತು. ಕುದುರಿ ಬ್ಯಾಡಂತು. ನಾನ ಲಗಾಮ ಜಗ್ಗಿ ನಿನ್ನ ಬಾಗಲಕ್ಕ ತಂದು ಬಿಟ್ಟೆ. ನಂಗ ಗೊತ್ತಿತ್ತು.”

“ಕಟ್! ಕಾಕಾ, ಕಥ್ಯಾಗ ಅತಿಯಾ ಯಾರ್‍ರಿ? ಹೊನ್ನಾಂಬಿ ಅನ್ರಿ. ಲಗಾಮ ಎಲ್ಲಿಂದ ಬಂತು?” ಎಂದ ಈರೇಶ. “ಆದ್ರ ಅಳು ಭಾರಿ ಬಂತ್ರಿ. ಹೆಸರು ಆಮ್ಯಾಲ ಸರಿ ಮಾಡೂಣು.”

ಅತಿಯಾ ಬಟ್ಟೆಯನ್ನು ಕೆಳಗೆ ಇಡಲಿಲ್ಲ. ನೀಟಾಗಿ ಮಡಿಚಿದಳು. ನಾನು ಕೊಟ್ಟ ರೊಟ್ಟಿಯನ್ನು ಮುಟ್ಟಲಿಲ್ಲ. ತಿರುಗಿ ಬರುವಾಗ ಸಕ್ರಿಯನ್ನು ಈರೇಶನ ಗೆಳೆಯರು ನಡೆಸಿಕೊಂಡು ಬಂದರು. ಟೆಂಪೋದಲ್ಲಿ ಅವರಿಗೂ ಅವಳಿಗೂ ಒಂದೇ ಸೀಟು. ಅವಳು ಆಚೆಯ ಕಿಟಕಿ ಬಿಟ್ಟು ಅವರ ಬಲಗಡೆ ಬಂದು ಕೂತಳು. ಆಗ ಅವಳ ಎಡಗಿವಿ ಅವರ ಕಡೆಗೆ ಬಂತು. ಅವರಿಗೆ ತಿಳಿಯಿತು. ಕುಂದಗೋಳದವರೆಗೆ ತಮ್ಮ ಅಂಗೈಯನ್ನೇ ನೋಡಿಕೊಂಡು ಬಂದರು.

ಸಂಜೆ ಚಹಾ ಕೇಳಿದರು. ಕೈಗೆ ಕೊಡಲಿಲ್ಲ. ಹಿತ್ತಲ ಹೊಸ್ತಿಲ ಮೇಲೆ ಇಟ್ಟು ಬಂದೆ. ಹೇಳಿರಿ ಎಂದವಳು ನಾನು. ಹೇಳಿದರು. ಹೇಳಿದವರಿಗೆ ಒಂದು ಕಪ್ ಚಹಾ ಕೈಗೆ ಕೊಡಲು ನನ್ನಿಂದ ಆಗಲಿಲ್ಲ.

ಮರುದಿನ ಬೆಳಿಗ್ಗೆ ಸೀಟಿ ಕೇಳಲಿಲ್ಲ. ಹೋಗಿ ನೋಡಿದೆ. ಗೋಡೆಗೆ ಒರಗಿ ಕೂತಿದ್ದರು. ಬಕೆಟ್ ತುಂಬಿತ್ತು. ಸಕ್ರಿ ಅದರ ಮುಂದೆ ಕಾಯುತ್ತ ನಿಂತಿತ್ತು. ಎದೆ ನಿಂತಿದೆ ಎಂದು ಡಾಕ್ಟರು ಹೇಳಿದರು. ಅದು ನನಗೆ ಮುಟ್ಟಿದಾಗಲೇ ಗೊತ್ತಾಗಿತ್ತು.

ಮಣ್ಣು ಮಾಡಿ ಬಂದು, ಬಂದವರೆಲ್ಲ ಹೋದ ಮೇಲೆ ಅತಿಯಾ ನನ್ನ ಎದುರು ಕೂತು ಬಲಗಿವಿ ಕೊಟ್ಟಳು.

“ಎಲ್ಲಾ ಹೇಳು ಬಡೀಮಾ. ಏನೂ ಬಿಡಬ್ಯಾಡ.”

ಹೇಳಿದೆ. ಸೆಹರಾ, ಬಲಗಡೆ ಹತ್ತಿದ್ದು, ಅಣ್ಣಿಗೇರಿಯ ಹೆಂಗಸು, ಎಡಗಡೆ ಕೂತು ಹೇಳುತ್ತಿದ್ದದ್ದು. ಅತ್ತರೆ ಸಮಾಧಾನ ಮಾಡಬಹುದಿತ್ತು. ಅಳಲಿಲ್ಲ.

“ಬಡೇಬಾ ನನ್ನ ಎಷ್ಟ ಜ್ವಾಕಿ ಮಾಡ್ಯಾನಲ್ಲ ಬಡೀಮಾ” ಎಂದಳು. “ಜಡಿ ಹೆಣದಾನ, ತುತ್ತ ತಿನ್ನಿಸ್ಯಾನ. ಆ ಒಂದ ದಾರ್‍ಯಾಗ ನಿಂದರಬೇಕಿತ್ತು. ಕುದುರಿ ನಿಂತಿತ್ತಲ್ಲ.”

 

ಆಮೇಲೆ ಈರೇಶ ಬಂದ. ಬಾಗಿಲ ಹೊರಗೇ ಕೂತು ತಲೆ ತಗ್ಗಿಸಿ ಹೇಳಿದ. “ಕಾಕಾಂದು ಕಡೀದು ಅದ ಐತ್ರಿ. ಹೆಸರಷ್ಟ ತಪ್ಪೈತಿ. ನಮ್ಮಪ್ಪನ ದನಿ ಹಾಕಿ ಸರಿ ಮಾಡ್ಲೇನ್ರಿ?”

ಅತಿಯಾ ಅವನ ಫೋನು ತೆಗೆದುಕೊಂಡು ಬಲಗಿವಿಗೆ ಒತ್ತಿ ಹಿಡಿದಳು. ಚಿತ್ರ ನೋಡಲಿಲ್ಲ, ಕೇಳಿದಳು. ಮತ್ತೊಮ್ಮೆ ಕೇಳಿದಳು.

“ಸರಿ ಮಾಡಬ್ಯಾಡ್ರಿ. ಹೆಂಗೈತಿ ಹಂಗ ಹಾಕ್ರಿ.”

“ಮಂದಿ ಕೇಳಿದ್ರ?”

“ಕೇಳ್ಲಿ. ನಂಗ ಹೇಳಿದ್ದದು. ಅದರಾಗ ಮತ್ತೊಬ್ಬರ ದನಿ ಬ್ಯಾಡ.”

ಹಾಗೆಯೇ ಹಾಕಿದರು. ಊರಿನಲ್ಲಿ ಯಾರಿಗೂ ಏನೂ ತಿಳಿಯಲಿಲ್ಲ. ಮಗಳ ಹೆಸರು ನೆನೆಸಿಕೊಂಡು ಅತ್ತಿದ್ದಾರೆ, ಎಂಥ ಅಪ್ಪ ಎಂದರು. ನಾನು ಕೇಳಿಸಿಕೊಂಡೆ. ಅತಿಯಾಳೂ ಕೇಳಿಸಿಕೊಂಡಳು. ಕ್ಷಮಿಸಿದ್ದೀಯಾ ಎಂದು ನಾನು ಕೇಳಿಲ್ಲ. ಗಿರಿಮಲ್ಲನ ವೇಷಕ್ಕೆ ಹೊಲಿದಿದ್ದ ಅವರ ನಿಲುವಂಗಿಯನ್ನು ಬಿಚ್ಚಿ ಅವಳು ಬೇರೆ ಏನೂ ಹೊಲಿದಿಲ್ಲ. ಆದರೆ ಹಿತ್ತಲಿಗೂ ಹೋಗುವುದಿಲ್ಲ. ಸಕ್ರಿಯನ್ನು ಮುಟ್ಟುವುದಿಲ್ಲ.

ಆದ್ದರಿಂದ ಬೆಳಗಿನ ನೀರು ನನ್ನ ಕೆಲಸವಾಗಿದೆ. ಮೊದಲ ದಿನಗಳಲ್ಲಿ ಬರೀ ಗಾಳಿ ಬರುತ್ತಿತ್ತು. ತುಟಿ ಒದ್ದೆ ಮಾಡಿಕೊಂಡು ಊದಿ ಊದಿ ತಲೆ ಸುತ್ತುತ್ತಿತ್ತು. ಗಂಡ ಸತ್ತವಳು ನಾಲ್ಕು ತಿಂಗಳು ಹತ್ತು ದಿನ ಮನೆ ಹಿಡಿದು ಕೂರುವ ಇದ್ದತ್ತು ಇನ್ನೂ ಮುಗಿದಿರಲಿಲ್ಲ. ಬಾಜು ಮನೆಯ ಜಮಾಲಬಿ ಗೋಡೆಯ ಮೇಲಿಂದ ಇಣುಕಿ ನೋಡಿದಳು.

“ಏ ಜುಲೇಖಾ, ಇದ್ದತ್ತಿನ್ಯಾಗ ಕುಂತಾಕಿ ಸೀಟಿ ಹೊಡೀತಿ? ಗಂಡ ಸತ್ತು ತಲಿ ಕೆಟ್ಟತೇನ್ ಬೇ?”

“ಕುದುರಿಗೆ ಇದ್ದತ್ತ ಇಲ್ಲ. ನೀರ ಬೇಕು” ಎಂದೆ.

ಈಗ ಸ್ವಲ್ಪ ಬರುತ್ತದೆ. ಬಕೆಟ್ ಇಡುತ್ತೇನೆ, ಸೆರಗಿನಿಂದ ಬಾಯಿ ಒರೆಸಿಕೊಂಡು ಸೀಟಿ ಹಾಕುತ್ತೇನೆ. ಸಕ್ರಿ ಮೊದಲು ಗೋಡೆಯ ಕಡೆ ನೋಡುತ್ತದೆ, ಆಮೇಲೆ ಅತಿಯಾಳ ಕಿಟಕಿಯ ಕಡೆ. ಮತ್ತೊಮ್ಮೆ ಹಾಕುತ್ತೇನೆ. ತಲೆ ಬಗ್ಗಿಸಿ ಕುಡಿಯುತ್ತದೆ.