ಏರುಚಂದ್ರದಲ್ಲಿ ಕಡಿದ ಮರ

ಗಿಲ್ದಾರ್ದೊ ನನ್ನ ಅಕ್ಕ ರುಬಿಯೆಲಾಳ ಗಂಡ. ಮನಿಸಾಲೆಸ್ ಪಟ್ಟಣದ ಕಾಫಿ ಗಿರಣಿಯಲ್ಲಿ ಮೂವತ್ತೊಂದು ವರ್ಷ ಗೋಣಿಚೀಲದ ಬಾಯಿ ಹೊಲಿದವರು. ಚೀಲ ಹೊಲಿದೂ ಹೊಲಿದೂ ತಮ್ಮ ಬಾಯಿಯನ್ನೂ ಹೊಲಿದುಕೊಂಡಿದ್ದಾರೆ ಎಂದು ಅಕ್ಕ ನಗುತ್ತಿದ್ದಳು. ಮಾತು ಬೆಳ್ಳಿ, ಮೌನ ಬಂಗಾರ ಎನ್ನುವುದಾದರೆ ನಮ್ಮ ಬೀದಿಯಲ್ಲಿ ಭಾವನಷ್ಟು ದೊಡ್ಡ ಸಾಹುಕಾರ ಇನ್ನೊಬ್ಬರಿಲ್ಲ.

ಅಕ್ಕ ಸತ್ತ ಮೇಲೆ ಅವರು ನನ್ನ ಮನೆಯ ಮುಂದಿನ ಕೋಣೆಯಲ್ಲಿದ್ದಾರೆ. ಬೆಳಿಗ್ಗೆ ಬಿಸಿ ಬೆಲ್ಲದ ನೀರು ಕುಡಿಯುತ್ತಾರೆ. ಮೆಕ್ಕೆಜೋಳದ ಅರೆಪ ರೊಟ್ಟಿ ಕೊಟ್ಟರೆ ತಿನ್ನುತ್ತಾರೆ, ಕೊಡದಿದ್ದರೆ ಕೇಳುವುದಿಲ್ಲ. ಅವರು ಅತ್ತಿದ್ದನ್ನು ನಾನು ನೋಡಿಲ್ಲ. ನಾನೂ ಅತ್ತಿಲ್ಲ. ಹಲ್ಲು ಕೀಳುವ ಮೊದಲು ಸೂಜಿ ಚುಚ್ಚಿದ ದವಡೆಯ ಹಾಗೆ ಆಗಿದೆ ನನಗೆ ಒಳಗೆಲ್ಲ.

ನಡೆದದ್ದು ಇಷ್ಟು. ಅಕ್ಟೋಬರ್ ಮಳೆಗೆ ಅವರ ಹಿತ್ತಲಿನ ಇಳಿಜಾರು ಬಿರುಕು ಬಿಟ್ಟಿತು. ನೀಲಗಿರಿ ಕಂಬ ನೆಟ್ಟು, ಅದರ ಹಿಂದೆ ದಿಮ್ಮಿ ಪೇರಿಸಿ ಮಣ್ಣು ತಡೆಯುವ ಗೋಡೆ ಕಟ್ಟಬೇಕೆಂದು ಭಾವ ಕೊಡಲಿ ಮಸೆದರು. ತಡೆದವಳು ನಾನು. ಚಂದ್ರ ಹುಣ್ಣಿಮೆಯ ಕಡೆ ಏರುತ್ತಿದ್ದಾನೆ, ಈಗ ಕಡಿದರೆ ಮರದಲ್ಲಿ ರಸ ತುಂಬಿರುತ್ತದೆ, ಎರಡೇ ವರ್ಷಕ್ಕೆ ಹುಳು ತಿಂದು ಹಿಟ್ಟಾಗುತ್ತದೆ, ಚಂದ್ರ ಇಳಿಯುವವರೆಗೆ ಕಾಯಿರಿ ಎಂದೆ. ನಮ್ಮ ಕಡೆ ಇದು ಎಲ್ಲರಿಗೂ ಗೊತ್ತಿದ್ದದ್ದೇ. ಆದರೆ ಪಂಚಾಂಗ ಹಿಡಿದುಕೊಂಡು ಕೂದಲು ಕತ್ತರಿಸುವುದಕ್ಕೂ ಈರುಳ್ಳಿ ನೆಡುವುದಕ್ಕೂ ಬೀದಿಗೆಲ್ಲ ದಿನ ಹೇಳುವ ದೊಡ್ಡಮನುಷ್ಯೆ ನಾನು. ಇನ್ನು ಒಂಬತ್ತು ದಿನ ಎಂದೆ. ಭಾವ ಕೊಡಲಿಯನ್ನು ಒಳಗಿಟ್ಟರು.

ಏಳನೆಯ ದಿನ ಮಧ್ಯಾಹ್ನ ಗುಡ್ಡ ಜಾರಿತು. ಭಾವ ಅಂಗಡಿಗೆ ಹೋಗಿದ್ದರು. ಅಕ್ಕ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಗೋಡೆ ಇದ್ದಿದ್ದರೆ ಅಷ್ಟು ಮಣ್ಣನ್ನು ತಡೆಯುತ್ತಿತ್ತೋ ಇಲ್ಲವೋ, ಯಾರಿಗೆ ಗೊತ್ತು.

ಐದು ತಿಂಗಳು ಕಳೆದವು. ಮಾರ್ಚ್‌ನಲ್ಲಿ ಒಂದು ಬೆಳಿಗ್ಗೆ ಭಾವ ನನಗೆ ಹೇಳದೆ ಕೇಳದೆ ಹೋಗಿ ಮರ ಕಡಿದು ತಂದರು. ಚಂದ್ರ ಏರುತ್ತಿದ್ದ, ಅದನ್ನು ತಿಳಿಯಲು ನನಗೆ ಪಂಚಾಂಗ ಬೇಕಿರಲಿಲ್ಲ. ನನ್ನ ಅಡುಗೆಮನೆಯ ಹಿಂದೆ, ಎಲೆಕೋಸಿನ ಪಾತಿ ದಾಟಿ, ಗುಡ್ಡದ ಬುಡದಲ್ಲಿ ಗುಂಡಿ ತೋಡಿದರು. ಕಂಬದ ಬುಡವನ್ನು ಬೆಂಕಿಯಲ್ಲಿ ಕಪ್ಪಾಗುವಷ್ಟು ಸುಟ್ಟು, ಮೂರರಲ್ಲೊಂದು ಪಾಲು ನೆಲದೊಳಗೆ ಹೂತು, ತಲೆಯನ್ನು ತುಸು ಗುಡ್ಡದ ಕಡೆ ವಾಲಿಸಿದರು. ದಿಮ್ಮಿಗಳ ಹಿಂದೆ ನೀರು ಇಳಿಯಲೆಂದು ಜಲ್ಲಿ ತುಂಬಿದರು.

ಪಕ್ಕದ ಮನೆಯ ಅಲ್ದೆಮಾರ್ ಬೇಲಿಯ ಮೇಲೆ ಮೊಣಕೈ ಊರಿ, "ಹುಳಕ್ಕೆ ಊಟ ಹಾಕ್ತಿದೀಯೇನಪ್ಪಾ?" ಎಂದು ನನ್ನ ಮುಖ ನೋಡಿದ. ಬೇರೆ ದಿನವಾಗಿದ್ದರೆ ನಾನೇ ಅವನಿಗಿಂತ ಮೊದಲು ಬಾಯಿ ಹಾಕುತ್ತಿದ್ದೆ. ಬಗ್ಗಿ ಎಲೆಕೋಸಿನ ಪಾತಿಯ ಕಳೆ ಕೀಳತೊಡಗಿದೆ. ಅವನು ಹೋದ.

ಮೂರನೆಯ ದಿನ ಭಾರದ ದಿಮ್ಮಿಯ ಒಂದು ತುದಿ ಹಿಡಿಯಲು ನಾನು ಹೋದೆ. ಅವರು ಬೈಯಲಿ ಅಥವಾ ಕ್ಷಮಿಸಲಿ, ಎರಡರಲ್ಲಿ ಒಂದಾದರೂ ಆಗಲಿ ಎಂದು ಇಷ್ಟು ದಿನ ಕಾದಿದ್ದೆ. ಇನ್ನು ಕಾಯಲಾರೆ ಎನಿಸಿತು.

"ಭಾವ, ತಡೀರಿ ಅಂದಿದ್ದು ನಾನು."

"ಗೊತ್ತು."

"ಐದು ತಿಂಗಳಾಯ್ತು, ಒಂದು ಮಾತೂ ಅಂದಿಲ್ಲ ನೀವು. ಬೈದಾದ್ರೂ ಬಿಡಿ."

ಅವರು ಕಂಬಕ್ಕೆ ತಂತಿ ಸುತ್ತಿ, ಇಕ್ಕಳದಿಂದ ತಿರುಚಿ ಬಿಗಿ ಮಾಡಿದರು. ಬಿಗಿಯಾಯಿತೇ ಎಂದು ಬೆರಳಿನಿಂದ ಒತ್ತಿ ನೋಡಿದರು.

"ನಿನ್ನ ಮೇಲೆ ಸಿಟ್ಟಿದೆ, ನೊಹೆಮಿ. ಅದು ಹೋಗುತ್ತೆ ಅಂತ ನಂಗೇನೂ ಅನ್ಸಲ್ಲ," ಎಂದರು. "ಆದ್ರೆ ನಿನ್ನ ಮನೆ ಹಿಂದೂ ಗುಡ್ಡ ಇದೆಯಲ್ಲ. ಆ ತುದಿ ಸ್ವಲ್ಪ ಎತ್ತು."

ಎತ್ತಿದೆ. ಸಂಜೆಯೊಳಗೆ ಇನ್ನೂ ನಾಲ್ಕು ದಿಮ್ಮಿ ಕೂತವು.