ಕಾರಿಗೆ ಲೋಬಾನ

ಮೊನ್ನೆ ಸಂಜೆ ಶಿವಾಜಿನಗರದಲ್ಲಿ ಮಳೆಗೆ ಸಿಕ್ಕಿ ಒಂದು ಅಂಗಡಿಯ ಮೆಟ್ಟಿಲೇರಿ ನಿಂತೆ. ಪಕ್ಕದಲ್ಲಿ ನೆನೆದ ಕಾರ್ಪೆಟ್ಟಿನ ಸುರುಳಿಯೊಂದು ಗೋಡೆಗೊರಗಿತ್ತು. ಮುದಿ ನಾಯಿಯೂ ಹುಳಿ ಬಂದ ಹಿಟ್ಟೂ ಒಟ್ಟಿಗೆ ಮಲಗಿದಂಥ ಆ ವಾಸನೆ ನಿಮಗೆ ಗೊತ್ತಿಲ್ಲದಿದ್ದರೆ ನೀವು ಪುಣ್ಯವಂತರು. ನಿಮ್ಮ ಕಾರಿನ ಚಾವಣಿ ತಗಡಿನದು.

ನನ್ನ ಹೆಂಡತಿ ಸುಮಂಗಲಾ ಆಸೆಪಟ್ಟು ಕೊಂಡಿದ್ದು ಬಟ್ಟೆಯ ಚಾವಣಿ ಮಡಚುವ ಹಳೆಯ ಕೆಂಪು ಕಾರು. ಮೊದಲ ಮಳೆಗೇ ಒಳಗೆ ಪಾದ ಮುಳುಗುವಷ್ಟು ನೀರು. "ಮಾರಿಬಿಡು" ಎಂದೆ. ಮರುದಿನವೂ ಎಂದೆ. ಕೊನೆಗೆ ಅವಳು, "ಆಯ್ತು ರೀ, ಭಾನುವಾರದೊಳಗೆ ಒಣಗ್ಲಿಲ್ಲಾಂದ್ರೆ ಮಾರ್ತೀನಿ. ಆದ್ರೆ ಇನ್ನೊಂದು ಕಾರು ಬೇಡ. ಮುಚ್ಚಿದ ಡಬ್ಬೀಲಿ ಕೂತು ಹೋಗೋಕೆ ಬಸ್ಸೇ ಇದ್ಯಲ್ಲ" ಎಂದಳು. ಗೆದ್ದೆನೆಂದುಕೊಂಡು ಕಲ್ಯಾಣ ನಗರದ ಒಬ್ಬನಿಗೆ ಭಾನುವಾರ ಬಂದು ಕಾರು ನೋಡಲು ಹೇಳಿಬಿಟ್ಟೆ.

ಅಷ್ಟರಲ್ಲಿ ಯಾದಗಿರಿಯಿಂದ ಅತ್ತೆ ಬಂದರು. ಕೂಸಿನ ಹಣೆ ಮುಟ್ಟುವಂತೆ ಸೀಟು ಮುಟ್ಟಿ ನೋಡಿ, "ಬಾಣಂತಿ ತಲಿ ಹಸಿ ಇದ್ರ ಲೋಬಾನ ಹಾಕ್ತೀವಿಲ್ಲೇನ್ ಯವ್ವಾ? ಇದಕ್ಕೂ ಹಾಕೋಣ" ಎಂದರು. ಲೋಬಾನವೆಂದರೆ ನಮ್ಮ ಸಾಂಬ್ರಾಣಿಯೇ. ಕೆಂಡದ ಮೇಲೆ ಉದುರಿಸಿ, ಬುಟ್ಟಿ ಬೋರಲಿಟ್ಟು, ಅದರ ಮೇಲೆ ಕೂದಲು ಹರಡುತ್ತಾರೆ. ಇಲ್ಲಿ ಕಾರೇ ಬುಟ್ಟಿ. ಕೆಂಡದ ಮಡಕೆಯನ್ನು ಇಟ್ಟಿಗೆಯ ಮೇಲೆ ಒಳಗಿಟ್ಟು, ಚಾವಣಿ ಎಳೆದು ಬಾಗಿಲು ಹಾಕಿದೆವು.

ಹೊಗೆ ಹೊರಗೆ ಬಂತು. ಮೊದಲು ಎಡಗಡೆಯ ಕಿಟಕಿಯ ಮೂಲೆಯಿಂದ, ಎನ್ನುತ್ತದೆ ನನ್ನ ನೆನಪು. ಬಲಗಡೆಯಿಂದ, ಎನ್ನುತ್ತಾಳೆ ಸುಮಂಗಲಾ. ನನ್ನ ನೆನಪನ್ನು ನಾನು ನಂಬುವುದಿಲ್ಲ, ಅವಳದನ್ನೂ ನಂಬುವುದಿಲ್ಲ. ಆದರೆ ಆ ಕಾರಿನ ವಿಷಯದಲ್ಲಿ ಯಾರು ಯಾವ ಕಡೆ ಬೆರಳು ತೋರಿಸಿದರೂ ಸರಿಯೇ. ಟಾರ್ಚು ಹಿಡಿದು ಹುಡುಕಿದರೂ ಸಿಗದಿದ್ದ ಬಿರುಕುಗಳೆಲ್ಲ ಬಿಳಿಯ ಎಳೆಗಳಾಗಿ ಎದ್ದವು. ಸುಮಂಗಲಾ ಸೀಮೆಸುಣ್ಣದಿಂದ ಗುರುತು ಹಾಕುತ್ತ ಸುತ್ತಿದಳು. "ಇಲ್ಲೊಂದು! ಇಲ್ಲೊಂದು ನೋಡ್ರಿ!" ಎಂದು ಅತ್ತೆ. ನಾನೂ ಅವರ ಹಿಂದೆ ಓಡಿದೆ, ಮಾರುವವನು ಓಡಬೇಕಾದುದಕ್ಕಿಂತ ಹೆಚ್ಚು ಉತ್ಸಾಹದಿಂದ.

ಆಗ ಮೇಲ್ಮನೆಯ ಡೇವಿಡ್ ಅಂಕಲ್, "ಅಯ್ಯೋ ಸುಮಾ, ಬೆಂಕಿ ಮಾ, ಬೆಂಕಿ! ಸೈಡ್‌ಗೆ ಬಾ ಮಾ!" ಎನ್ನುತ್ತ ಇಳಿದು ಬಂದು, ಕಾರಿನ ಬಾಗಿಲು ತೆರೆದು, ಒಳಗೆ ಎರಡು ಬಕೆಟ್ ನೀರು ಸುರಿದರು. ನಾವು ಬಾಯಿ ಬಿಟ್ಟು ನಿಂತಿದ್ದೆವು. "ಥ್ಯಾಂಕ್ಸ್ ಎಲ್ಲಾ ಬೇಡ ಮಾ" ಎಂದರು.

ಮರುದಿನವೇ ಭಾನುವಾರ. ಕಲ್ಯಾಣ ನಗರದವನು ಕಾರಿಗೆ ಒಂದು ಸುತ್ತು ಬಂದ. "ಸೂಪರ್ ಗಾಡಿ ಸರ್. ಲೀಕೇಜ್ ಏನಾದ್ರೂ ಇದ್ಯಾ?"

ಸುಮಂಗಲಾ ಕೀಲಿಯನ್ನು ಮುಷ್ಟಿಯಲ್ಲಿ ಹಿಡಿದು ನೆಲ ನೋಡುತ್ತಿದ್ದಳು. ಮಾತು ಕೊಟ್ಟಿದ್ದಳಲ್ಲ, ಬಾಯಿ ತೆರೆಯುವಂತಿರಲಿಲ್ಲ.

"ಇದೆ, ಬನ್ನಿ ತೋರಿಸ್ತೀನಿ" ಎಂದೆ. ಗೃಹಪ್ರವೇಶಕ್ಕೆ ಬಂದವರಿಗೆ ಕೋಣೆ ತೋರಿಸುವಂತೆ ಒಂದೊಂದೇ ಗುರುತು ತೋರಿಸಿದೆ. ಗುರುತಿಲ್ಲದ ಕಡೆಯೂ ಕೆಲವು ಸೇರಿಸಿದೆ.

"ಏನ್ ಸರ್, ಕಾರು ಮಾರ್ತಿದೀರೋ, ಜರಡಿ ಮಾರ್ತಿದೀರೋ?" ಎಂದು ಅವನು ಹೊರಟುಹೋದ.

"ಅಳಿಯಂದಿರಿಗೆ ವ್ಯಾಪಾರ ಬರಂಗಿಲ್ಲ ನೋಡು" ಎಂದು ಅತ್ತೆ ಮಗಳಿಗೆ ಹೇಳಿದರು, ಬಹಳ ತೃಪ್ತಿಯಿಂದ. ಮಗಳ ಮುಷ್ಟಿ ಸಡಿಲಿತು. ಕೀಲಿ ಜೇಬಿಗೆ ಹೋಯಿತು.

ಮೊನ್ನೆ ನಾನು ಮಳೆಗೆ ನಿಂತಿದ್ದ ಆ ಅಂಗಡಿಯ ಮುಂದೆ ನಮ್ಮ ಕೆಂಪು ಕಾರಿನ ಹಾರ್ನ್ ಕೇಳಿಸಿತು. "ಹತ್ತಿ ರೀ, ಹಿಂದೆ ಬಸ್ ಬರ್ತಿದೆ!" ಗುರುತು ಮಾಡಿದ ಬಿರುಕುಗಳನ್ನೆಲ್ಲ ಮುಚ್ಚಿಸಿದ್ದೇವೆ; ನೀರು ಬೇರೆ ದಾರಿ ಕಂಡುಕೊಂಡಿದೆ. ಬೂಟು ಕಳಚಿ, ಕಾಲುಚೀಲ ಅದರೊಳಗೆ ತುರುಕಿ, ಪ್ಯಾಂಟು ಮೇಲಕ್ಕೆ ಮಡಚಿ ಹತ್ತಿದೆ. ಪಾದಕ್ಕೆ ತಣ್ಣಗೆನಿಸಿತು. "ಹಲಸೂರು ಕೆರೆ ಹತ್ರ ಮಳೆ ನಿಂತ್ರೆ ಚಾವಣಿ ಮಡಚ್ತೀಯಾ?" ಎಂದು ಕೇಳಿದೆ.